ಕೊಕನಿ ಮೀನಿಗೆ ಯಾವಾಗ ಹೋಗಬೇಕು? ತಿಂಗಳು ಕೇಳಬೇಡಿ, ನೀರು ನೋಡಿ

ಏಪ್ರಿಲ್ ಬಂದರೆ ಸಾಕು, ಸಿಯಾಟಲ್ ಸುತ್ತಮುತ್ತ ಇರುವ ನಮ್ಮವರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, "ಈ ಸಲ ಕೊಕನಿಗೆ ಯಾವಾಗ ಹೋಗೋಣ?" ಬೆಲ್ವ್ಯೂ, ರೆಡ್ಮಂಡ್ ಕಡೆ ಕನ್ನಡ ಮಾತಾಡುವ ಮನೆಗಳು ಬೇಕಾದಷ್ಟಿವೆ. ಅವರಲ್ಲಿ ಊರಿನ ಹೊಳೆಬದಿಯಲ್ಲಿ ಗಾಳ ಹಿಡಿದು ಬೆಳೆದವರೂ ಇದ್ದಾರೆ. ಅಂಥವರಿಗೆ ಒಂದು ತಿಂಗಳ ಹೆಸರು ಹೇಳಿಬಿಡುವುದು ಸುಲಭ. ಮೇ ಮಧ್ಯದಿಂದ ಜೂನ್ ಕೊನೆ. ಅಷ್ಟು ಸಾಕು ಅನ್ನುವವರು ಇಲ್ಲಿಗೇ ಓದುವುದು ನಿಲ್ಲಿಸಬಹುದು, ಉತ್ತರ ತಪ್ಪಲ್ಲ. ಆದರೆ ಒಂದು ವರ್ಷ ಚಳಿ ತಡವಾಗಿ ಬಿಡುತ್ತದೆ, ಇನ್ನೊಂದು ವರ್ಷ ಮೇ ತಿಂಗಳಲ್ಲೇ ಸೆಕೆ ಶುರುವಾಗುತ್ತದೆ, ಒಂದು ಕೆರೆ ಬೆಟ್ಟದ ಮೇಲಿದೆ, ಇನ್ನೊಂದು ಊರ ಮಧ್ಯೆ ಇದೆ. ಕ್ಯಾಲೆಂಡರಿಗೆ ಇದು ಯಾವುದೂ ಗೊತ್ತಿಲ್ಲ, ಅಲ್ವಾ?

ನಾನು ಮೊದಲ ಸಲ ಹೋಗಿದ್ದು ಜುಲೈ ಮೂರನೇ ವಾರ, ಎವರೆಟ್ ಹತ್ತಿರದ ಲೇಕ್ ಸ್ಟೀವನ್ಸ್‌ಗೆ. ಶನಿವಾರ. ನೀರಿಗಿಳಿದಾಗ ಬೆಳಿಗ್ಗೆ ಹತ್ತು ಗಂಟೆ. ಒಳ್ಳೆ ಬಿಸಿಲು, ನೀರು ಕನ್ನಡಿಯ ಹಾಗೆ ನಿಂತಿತ್ತು. ನಾಲ್ಕು ಗಂಟೆ ದೋಣಿಯಲ್ಲಿ ಸುತ್ತಿದರೂ ಒಂದು ಮೀನೂ ಮುಟ್ಟಲಿಲ್ಲ. ದಡಕ್ಕೆ ಬಂದಾಗ ಒಬ್ಬ ಹಿರಿಯರು ದೋಣಿ ತೊಳೆಯುತ್ತಿದ್ದರು. ಅವರ ಐಸ್ ಪೆಟ್ಟಿಗೆಯಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಎಂಟು ಮೀನು. ಬೆಳಿಗ್ಗೆ ಎಂಟಕ್ಕೇ ಅವರ ಕೆಲಸ ಮುಗಿದಿತ್ತಂತೆ. ಗಾಳ ಎಷ್ಟು ಆಳಕ್ಕೆ ಬಿಟ್ಟಿದ್ದೆ ಅಂತ ಕೇಳಿದರು. ಹದಿನೈದು ಅಡಿ ಇರಬಹುದು ಅಂದೆ. "ಮೀನು ಅಲ್ಲೇ ಇತ್ತು, ನಿನ್ನ ಗಾಳಕ್ಕಿಂತ ನಲವತ್ತು ಅಡಿ ಕೆಳಗೆ" ಅಂದರು. ಕೊಕನಿ ಬಗ್ಗೆ ನಾನು ಕಲಿತ ಮೊದಲ ಪಾಠ ಅದು, ಉಳಿದದ್ದೆಲ್ಲ ಅದರ ಹಿಂದೆ ಬಂತು.

ಮೊದಲು ಮೀನು ಎಂಥದ್ದು ತಿಳಿಯಿರಿ

ಕೊಕನಿ ಬೇರೆ ಜಾತಿಯ ಮೀನಲ್ಲ. ಸಾಕೈ ಸಾಲ್ಮನ್ ಅಂತಾರಲ್ಲ, ಅದೇ. ಸಾಕೈ ಸಮುದ್ರಕ್ಕೆ ಹೋಗಿ ಬೆಳೆದು ಮೊಟ್ಟೆ ಇಡಲು ನದಿಗೆ ವಾಪಸ್ ಬರುತ್ತದೆ. ಕೊಕನಿ ಸಮುದ್ರ ನೋಡುವುದೇ ಇಲ್ಲ, ಇಡೀ ಬದುಕು ಕೆರೆಯಲ್ಲೇ. ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಬದುಕುತ್ತದೆ, ಒಂದೇ ಒಂದು ಸಲ ಮೊಟ್ಟೆ ಇಡುತ್ತದೆ, ಸಾಯುತ್ತದೆ.

ಅದರ ಊಟ ಇನ್ನೂ ಮುಖ್ಯ. ಕೊಕನಿ ಎರೆಹುಳು ಹುಡುಕಿಕೊಂಡು ದಡಕ್ಕೆ ಬರುವ ಮೀನಲ್ಲ. ನೀರಿನಲ್ಲಿ ತೇಲುವ ಡಾಫ್ನಿಯಾದಂಥ ಚುಕ್ಕಿಯಷ್ಟು ಜೀವಿಗಳನ್ನು ತಿನ್ನುತ್ತದೆ. ಹಾಗಾಗಿ ಕೆರೆಯ ನಡುವೆ, ಆಳದ ನೀರಿನಲ್ಲಿ, ಗುಂಪು ಕಟ್ಟಿಕೊಂಡು ಅಲೆಯುತ್ತಿರುತ್ತದೆ. ಗುಂಪು ಯಾವ ಆಳದಲ್ಲಿದೆ ಅನ್ನುವುದನ್ನು ತೀರ್ಮಾನಿಸುವುದು ಎರಡೇ ವಿಷಯ: ನೀರು ಎಷ್ಟು ತಣ್ಣಗಿದೆ, ಬೆಳಕು ಎಷ್ಟಿದೆ. ಮೀನಿನ ವಯಸ್ಸು ಮೂರನೆಯದು, ಅದು ತಿನ್ನುವವರಿಗೆ ಸಂಬಂಧಿಸಿದ್ದು, ಆಮೇಲೆ ಹೇಳುತ್ತೇನೆ.

ನೀರಿನ ಬಿಸಿ ಅಳೆಯಿರಿ

ಕೊಕನಿಗೆ ಹಿತವಾದ ನೀರು 10ರಿಂದ 13 ಡಿಗ್ರಿ ಸೆಲ್ಸಿಯಸ್. ಇಲ್ಲಿನ ಮೀಟರುಗಳು ಫ್ಯಾರನ್‌ಹೀಟ್ ತೋರಿಸುತ್ತವೆ, ಹಾಗಾಗಿ 50ರಿಂದ 55 ಅಂತ ನೆನಪಿಟ್ಟುಕೊಳ್ಳಿ. ಹಳಬರು 54 ಅನ್ನುವ ಒಂದೇ ಸಂಖ್ಯೆ ಹೇಳುತ್ತಾರೆ. ಈ ಬಿಸಿಯ ನೀರಿನ ಪದರ ಎಷ್ಟು ಆಳದಲ್ಲಿದೆ ಅಂತ ಗೊತ್ತಾದರೆ ಮೀನಿನ ಮನೆ ವಿಳಾಸ ಸಿಕ್ಕ ಹಾಗೆ.

ವರ್ಷವಿಡೀ ಈ ಪದರ ಒಂದೇ ಕಡೆ ಇರುವುದಿಲ್ಲ. ಮಾರ್ಚ್ ಹೊತ್ತಿಗೆ ಕೆರೆ ಮೇಲಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಒಂದೇ ತಣ್ಣಗೆ ಇರುತ್ತದೆ, ಮೀನು ಎಲ್ಲಿ ಬೇಕಾದರೂ ಇರಬಹುದು, ಹೊಟ್ಟೆಗೆ ಅವಸರವೂ ಇರುವುದಿಲ್ಲ. ಏಪ್ರಿಲ್, ಮೇನಲ್ಲಿ ಬಿಸಿಲು ಮೇಲಿನ ನೀರನ್ನು ಕಾಯಿಸತೊಡಗುತ್ತದೆ, ಆಗ ಹಿತವಾದ ನೀರು ಮೇಲಿನ 30 ಅಡಿಯೊಳಗೇ ಸಿಗುತ್ತದೆ, ಡಾಫ್ನಿಯಾ ಅಲ್ಲೇ ಹೆಚ್ಚುತ್ತದೆ, ಮೀನು ಮೇಲೆ ಬರುತ್ತದೆ. ಜುಲೈ ಹೊತ್ತಿಗೆ ಲೇಕ್ ಸ್ಟೀವನ್ಸ್‌ನಂಥ ತಗ್ಗಿನ ಕೆರೆಯ ಮೇಲ್ಮೈ 20 ಡಿಗ್ರಿ ದಾಟಿರುತ್ತದೆ. ನಮಗೆ ಈಜಲು ಚೆನ್ನ, ಕೊಕನಿಗೆ ಅದು ಕಾದ ನೀರು. ಬೆಚ್ಚನೆಯ ಹಗುರ ನೀರು ಮೇಲೆ, ತಣ್ಣನೆಯ ಭಾರದ ನೀರು ಕೆಳಗೆ, ಎರಡೂ ಬೆರೆಯದೆ ನಡುವೆ ಒಂದು ಗಡಿ ಏಳುತ್ತದೆ. ಇದನ್ನು ಥರ್ಮೋಕ್ಲೈನ್ ಅನ್ನುತ್ತಾರೆ. ಕೊಕನಿ ಆ ಗಡಿಯ ಆಸುಪಾಸಿನಲ್ಲಿ, ಇಲ್ಲವೇ ಅದರ ಕೆಳಗೆ ಸೇರಿಕೊಳ್ಳುತ್ತದೆ. ಅಂದರೆ 40, 60, ಕೆಲವು ಕೆರೆಗಳಲ್ಲಿ 80 ಅಡಿ.

ಅಳೆಯಲು ದುಬಾರಿ ಯಂತ್ರ ಬೇಡ. ನಾನು ಮಾಡುವುದು ಇಷ್ಟು. ಕಾಲು ಲೀಟರಿನ ತೆಳು ಪ್ಲಾಸ್ಟಿಕ್ ನೀರಿನ ಬಾಟಲಿ ತೆಗೆದುಕೊಳ್ಳಿ. ಅಡುಗೆಮನೆಯ ಸಣ್ಣ ಥರ್ಮಾಮೀಟರ್ ಒಳಗೆ ಇಳಿಸಿ ದಾರದಿಂದ ಕಟ್ಟಿ, ನೀರಿಗೆ ಬಿದ್ದರೆ ಕೆಡದಂಥದ್ದಿರಲಿ. ಬಾಟಲಿಯ ತಳಕ್ಕೆ ಒಂದು ಕಲ್ಲು ಕಟ್ಟಿ, ಬಾಯಿ ತೆರೆದು ಮೇಲ್ಮುಖವಾಗಿ ನಿಲ್ಲಬೇಕು. ಹಗ್ಗಕ್ಕೆ ಐದೈದು ಅಡಿಗೆ ಒಂದು ಗಂಟು ಹಾಕಿ. ಬಾಟಲಿಯನ್ನು ನೀರು ತುಂಬಿಸಿಯೇ ಇಳಿಸಿ, 20 ಅಡಿಯ ಗಂಟಿಗೆ ನಿಲ್ಲಿಸಿ, ಐದು ನಿಮಿಷ ಬಿಡಿ. ತಣ್ಣೀರು ಭಾರ ಅಲ್ವಾ, ಅದು ತಾನಾಗಿ ಬಾಟಲಿಯೊಳಗೆ ಇಳಿದು ಬೆಚ್ಚನೆಯ ನೀರನ್ನು ಹೊರಗೆ ತಳ್ಳುತ್ತದೆ. ಸರಸರ ಎಳೆದುಕೊಳ್ಳುವಾಗ ಅದೇ ಭಾರದಿಂದ ಒಳಗೇ ಕೂತಿರುತ್ತದೆ. ಮೇಲೆ ಬಂದ ಕೂಡಲೇ ಓದಿ. ಆಮೇಲೆ 30, 40, 50 ಅಡಿ. ನಾಲ್ಕು ಸಲ ಇಳಿಸಿದರೆ ಆವತ್ತಿನ ಕೆರೆಯ ನಕ್ಷೆ ನಿಮ್ಮ ಕೈಯಲ್ಲಿರುತ್ತದೆ. ಜುಲೈ ದಿನ 40ನೇ ಅಡಿಯಿಂದ ಬಂದ ಬಾಟಲಿಯನ್ನು ಕೈಯಲ್ಲಿ ಹಿಡಿದು ನೋಡಿ, ಹೊರಗಿನ ಪ್ಲಾಸ್ಟಿಕ್ ಮೇಲೆ ಮಂಜಿನ ಹನಿ ಕಟ್ಟುತ್ತದೆ.

ಇದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ದಿನಾಂಕ, ಆಳ, ಬಿಸಿ. ಎರಡು ವರ್ಷದಲ್ಲಿ ನಿಮ್ಮ ಕೆರೆಯ ಬಗ್ಗೆ ಅಂಗಡಿಯವರಿಗಿಂತ ನಿಮಗೇ ಜಾಸ್ತಿ ಗೊತ್ತಿರುತ್ತದೆ.

ನಿಮ್ಮ ಬಳಿ ಏನಿದೆ ಅನ್ನುವುದರ ಮೇಲೆ ತಿಂಗಳು ಆರಿಸಿ

ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮೊದಲು ರಜೆ ನೋಡುತ್ತಾರೆ, ಆಮೇಲೆ ಸಾಮಾನು ಹೊಂದಿಸುತ್ತಾರೆ.

ಕಯಾಕ್ ಅಥವಾ ಸಣ್ಣ ದೋಣಿ, ಒಂದು ಸಾದಾ ರಾಡ್, ಐವತ್ತು ಅರವತ್ತು ಗ್ರಾಮಿನ ಭಾರದ ಗುಂಡು, ಇಷ್ಟೇ ಇದ್ದರೆ ನಿಮ್ಮ ಕಾಲ ಏಪ್ರಿಲ್ ಕೊನೆಯಿಂದ ಜೂನ್ ಮಧ್ಯ. ಆಗ ಮೀನು ನಿಮ್ಮ ಗಾಳಕ್ಕೆ ಎಟಕುವ ಆಳದಲ್ಲಿ ಇರುತ್ತದೆ. ಡೌನ್‌ರಿಗ್ಗರ್ ಇದ್ದರೆ, ಅಂದರೆ ತಂತಿಗೆ ಭಾರಿ ಗುಂಡು ಕಟ್ಟಿ ಗಾಳವನ್ನು ಬೇಕಾದ ಆಳಕ್ಕೆ ಇಳಿಸುವ ರಾಟೆ, ಜುಲೈ ಆಗಸ್ಟ್ ಕೂಡ ನಿಮ್ಮದೇ. ಅದಕ್ಕೊಂದು ಲಾಭವೂ ಇದೆ. ಬೇಸಿಗೆಯಿಡೀ ತಿಂದು ಮೀನು ದಪ್ಪವಾಗಿರುತ್ತದೆ. ಲೇಕ್ ಸ್ಟೀವನ್ಸ್‌ನಲ್ಲಿ ಮೇ ಕೊನೆಗೆ ನನಗೆ ಸಿಗುವುದು ಹೆಚ್ಚಾಗಿ 11, 12 ಇಂಚಿನವು, ಆಗಸ್ಟ್ ಮೊದಲ ವಾರ ಅದೇ ಗುಂಪಿನ ಮೀನು 14 ಇಂಚು ತಲುಪಿರುತ್ತದೆ. ಸುಲಭ ಬೇಕಾ, ಗಾತ್ರ ಬೇಕಾ, ನೀವೇ ಹೇಳಬೇಕು. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಯೋಚನೆಯೇ ಬೇಡ, ಜೂನ್ ಮೊದಲ ಎರಡು ವಾರ.

ಕೆರೆಯಿಂದ ಕೆರೆಗೂ ವ್ಯತ್ಯಾಸವಿದೆ. ಬೆಲ್ಲಿಂಗ್‌ಹ್ಯಾಮ್‌ನ ಲೇಕ್ ವಾಟ್ಕಮ್ ವರ್ಷವಿಡೀ ತೆರೆದಿರುವುದಿಲ್ಲ, ಏಪ್ರಿಲ್ ನಾಲ್ಕನೇ ಶನಿವಾರ ಶುರು. ವಾಷಿಂಗ್ಟನ್ ರಾಜ್ಯದ ಎಷ್ಟೋ ಕೆರೆಗಳಿಗೆ ಬಿಡುವ ಕೊಕನಿ ಮರಿಗಳ ಮೊಟ್ಟೆ ಇಲ್ಲಿಯದೇ. ಲೂಯಿಸ್ ನದಿಯ ಮೇಲಿನ ಲೇಕ್ ಮರ್ವಿನ್ ಬೇಗ ಕಣ್ಣು ಬಿಡುತ್ತದೆ, ವಸಂತದಲ್ಲೇ ಹೋಗಿ. ಅದರ ಮೇಲಿರುವ ಯೇಲ್ ಲೇಕ್ ಸ್ವಲ್ಪ ತಡ. ಲೇಕ್ ಶೆಲಾನ್ 50 ಮೈಲಿ ಉದ್ದ, 1,486 ಅಡಿ ಆಳ, ಅಷ್ಟೊಂದು ನೀರು ಕಾಯಲು ಸಮಯ ಬೇಕು. ಹಾಗಾಗಿ ಅಲ್ಲಿ ಮೇ, ಜೂನ್‌ನಲ್ಲೂ ಮೇಲಿನ ನೀರು ಹಿತವಾಗಿಯೇ ಇರುತ್ತದೆ. ಗ್ರಾಂಡ್ ಕೂಲಿ ಅಣೆಕಟ್ಟಿನ ಹಿಂದಿನ ಲೇಕ್ ರೂಸ್ವೆಲ್ಟ್ ಪೂರ್ತಿ ಬೇರೆ ಲೆಕ್ಕ. ಅಲ್ಲಿ ಜನವರಿಯಿಂದ ಏಪ್ರಿಲ್ ತನಕ, ಕೈ ಮರಗಟ್ಟುವ ಚಳಿಯಲ್ಲಿ, ನೀರಿನ ಮೇಲ್ಪದರದಲ್ಲೇ ದೊಡ್ಡ ಕೊಕನಿ ಸಿಗುತ್ತವೆ. ಸಂಖ್ಯೆ ಕಡಿಮೆ. ಇಡೀ ದಿನಕ್ಕೆ ಒಂದು ಸಿಕ್ಕಿದರೂ ಖುಷಿಪಡುವ ಮನಸ್ಸಿದ್ದವರಿಗೆ ಮಾತ್ರ ಅದು.

ಗಾತ್ರದ ಬಗ್ಗೆ ಇನ್ನೊಂದು ಮಾತು. ಕೆರೆಯಲ್ಲಿ ಕೊಕನಿ ಜಾಸ್ತಿ ಇದ್ದರೆ ಒಂದೊಂದೂ ಸಣ್ಣದು, ಕಡಿಮೆ ಇದ್ದರೆ ದೊಡ್ಡದು. ಊಟ ಹಂಚಿಕೊಳ್ಳಬೇಕಲ್ಲ. ಓರೆಗಾನ್‌ನ ವಲೋವಾ ಲೇಕ್‌ನಲ್ಲಿ 2010ರ ಜೂನ್‌ನಲ್ಲಿ ಸಿಕ್ಕಿದ ಕೊಕನಿ ಒಂಬತ್ತೂವರೆ ಪೌಂಡು ದಾಟಿತ್ತು, ಅಂದರೆ ನಾಲ್ಕು ಕಿಲೋಗಿಂತ ಜಾಸ್ತಿ. ಸಾಮಾನ್ಯ ಕೊಕನಿ ಅರ್ಧ ಕಿಲೋ ತೂಗುವುದೇ ಹೆಚ್ಚು. ವಾಷಿಂಗ್ಟನ್ನಿನ ಮೀನುಗಾರಿಕೆ ಇಲಾಖೆ ಯಾವ ಕೆರೆಗೆ ಯಾವ ವರ್ಷ ಎಷ್ಟು ಮರಿ ಬಿಟ್ಟಿತು ಅನ್ನುವ ಪಟ್ಟಿ ಹಾಕುತ್ತದೆ. ಎರಡು ವರ್ಷ ಹಿಂದಿನ ಪಟ್ಟಿ ತೆಗೆದು ನೋಡಿ. ಈ ವರ್ಷ ನಿಮ್ಮ ಗಾಳಕ್ಕೆ ಬರುವುದು ಆ ಮರಿಗಳೇ.

ದಿನದಲ್ಲಿ ಯಾವ ಹೊತ್ತು

ಇದರಲ್ಲಿ ನನಗೆ ಅನುಮಾನವೇ ಇಲ್ಲ. ಬೆಳಕು ಹರಿಯುವ ಹೊತ್ತು.

ಡಾಫ್ನಿಯಾ ರಾತ್ರಿ ಮೇಲೆ ಬರುತ್ತದೆ, ಬೆಳಕಾದ ಮೇಲೆ ಕೆಳಗಿಳಿಯುತ್ತದೆ. ಕೊಕನಿ ಅದರ ಹಿಂದೆ ಓಡಾಡುತ್ತದೆ, ಜೊತೆಗೆ ತನ್ನನ್ನು ತಿನ್ನುವ ದೊಡ್ಡ ಮೀನಿನ ಕಣ್ಣಿಗೆ ಬೀಳಬಾರದು ಅಂತ ಬೆಳಕನ್ನೂ ತಪ್ಪಿಸಿಕೊಳ್ಳುತ್ತದೆ. ಜೂನ್‌ನಲ್ಲಿ ಸಿಯಾಟಲ್ ಕಡೆ ಸೂರ್ಯ ಹುಟ್ಟುವುದು ಐದೂ ಕಾಲರ ಆಸುಪಾಸು, ಮಸುಕು ಬೆಳಕು ನಾಲ್ಕೂವರೆಗೇ ಇರುತ್ತದೆ. ಅಂದರೆ ದೋಣಿ ನೀರಿಗಿಳಿದು ಗಾಳ ಬಿದ್ದಿರಬೇಕಾದದ್ದು ಐದಕ್ಕೆ. ಮನೆಯಿಂದ ಹೊರಡುವುದು ಮೂರೂವರೆಗೆ. ಹಿಂದಿನ ರಾತ್ರಿಯೇ ಫ್ಲಾಸ್ಕಿಗೆ ಕಾಫಿ, ಡಬ್ಬಿಗೆ ಚಪಾತಿ ಪಲ್ಯ, ದಾರಕ್ಕೆ ಗಾಳ, ಎಲ್ಲ ತಯಾರಾಗಿರಲಿ. ಕತ್ತಲಲ್ಲಿ ಗಾಳ ಕಟ್ಟಲು ಹೋದರೆ ಇಪ್ಪತ್ತು ನಿಮಿಷ ಹೋಗುತ್ತದೆ, ಆ ಇಪ್ಪತ್ತು ನಿಮಿಷವೇ ಇಡೀ ದಿನದ ಬಂಗಾರ.

ಮೊದಲ ಎರಡು ಮೂರು ಗಂಟೆ ಕಚ್ಚುವುದು ಜೋರು. ಬಿಸಿಲು ನೀರಿನ ಮೇಲೆ ಬಿದ್ದ ಹಾಗೆ ಮೀನು ಇಳಿಯತೊಡಗುತ್ತದೆ, ನೀವೂ ಗಾಳವನ್ನು ಐದೈದು ಅಡಿ ಇಳಿಸುತ್ತಾ ಹೋಗಿ. ಒಂಬತ್ತಾದ ಮೇಲೆ ಸುಮ್ನೆ ಸುತ್ತುವುದಕ್ಕಿಂತ ಮನೆಗೆ ಹೋಗುವುದೇ ಮೇಲು. ಸಂಜೆ ಸೂರ್ಯ ಇಳಿದ ಮೇಲೂ ಒಂದು ಗಂಟೆ ಚೆನ್ನಾಗಿರುತ್ತದೆ, ಆದರೆ ಜುಲೈ ಸಂಜೆ ಕೆರೆ ತುಂಬ ಜೆಟ್ ಸ್ಕೀ, ಸ್ಪೀಡ್ ಬೋಟ್. ಶಾಂತಿ ಬೇಕಾದರೆ ಬೆಳಿಗ್ಗೆಯೇ. ವಾರದ ದಿನ ರಜೆ ಹಾಕಲು ಆದರೆ ಹಾಕಿ, ಶನಿವಾರಕ್ಕೂ ಮಂಗಳವಾರಕ್ಕೂ ಬಹಳ ವ್ಯತ್ಯಾಸ.

ಮೋಡ ಕವಿದ ದಿನ ಈ ಹೊತ್ತು ಉದ್ದವಾಗುತ್ತದೆ, ಹನ್ನೊಂದರವರೆಗೂ ಮೀನು ಮೇಲೇ ಇರಬಹುದು. ಜೂನ್‌ನಲ್ಲಿ ಇಲ್ಲಿ ಬೂದು ಮೋಡ ಬಿಡುವುದೇ ಇಲ್ಲ ಅಂತ ಎಲ್ಲರೂ ಬೇಜಾರು ಮಾಡಿಕೊಳ್ಳುತ್ತಾರೆ, ಕೊಕನಿ ಹಿಡಿಯುವವರಿಗೆ ಅದೇ ಒಳ್ಳೆಯ ದಿನ. ಹುಣ್ಣಿಮೆಯ ಮಾರನೇ ಬೆಳಿಗ್ಗೆ ಮೀನು ಮಂಕು, ರಾತ್ರಿಯಿಡೀ ಬೆಳದಿಂಗಳಲ್ಲಿ ತಿಂದು ಹೊಟ್ಟೆ ತುಂಬಿರುತ್ತದೆ ಅಂತ ಹಳಬರು ಹೇಳುತ್ತಾರೆ. ನನ್ನ ನೋಟ್‌ಬುಕ್ಕಿನಲ್ಲೂ ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಮೀನು ಕಡಿಮೆಯೇ ಇದೆ. ಆಯ್ಕೆ ಇದ್ದರೆ ನಾನು ಅಮಾವಾಸ್ಯೆ ವಾರ ಆರಿಸುತ್ತೇನೆ.

ಗಾಳಿ ನೋಡದೆ ಹೊರಡಬೇಡಿ

ನೀರು ಅಲ್ಲಾಡದೆ ನಿಂತಿದ್ದರೆ ಬೆಳಕು ನೇರ ಒಳಗಿಳಿಯುತ್ತದೆ. ಸಣ್ಣ ಅಲೆ ಇದ್ದರೆ ಬೆಳಕು ಒಡೆಯುತ್ತದೆ, ಮೀನಿಗೆ ಧೈರ್ಯ. ಹಾಗಾಗಿ ಸ್ವಲ್ಪ ಗಾಳಿ ಒಳ್ಳೆಯದೇ. ಜಾಸ್ತಿಯಾದರೆ ಅಪಾಯ. ಶೆಲಾನ್ ಎರಡೂ ಕಡೆ ಬೆಟ್ಟದ ನಡುವಿನ ಕೊಳವೆಯ ಹಾಗಿದೆ, ಮಧ್ಯಾಹ್ನದ ಗಾಳಿಗೆ ಅಲೆ ಎದ್ದರೆ ಸಣ್ಣ ದೋಣಿ ತಡೆಯುವುದಿಲ್ಲ. ಹವಾಮಾನದಲ್ಲಿ ಗಂಟೆಗೆ 10 ಮೈಲಿ ದಾಟಿದ ಗಾಳಿ ತೋರಿಸಿದರೆ ಕಯಾಕ್ ಮನೆಯಲ್ಲೇ ಬಿಡಿ.

ಏಪ್ರಿಲ್ ದಿನ ಬಿಸಿಲು ಹಿತವಾಗಿದ್ದರೂ ನೀರು 10 ಡಿಗ್ರಿಗಿಂತ ಕೆಳಗಿರಬಹುದು. ಆ ನೀರಿಗೆ ಬಿದ್ದರೆ ಮೊದಲ ನಿಮಿಷದಲ್ಲೇ ಉಸಿರು ಹಿಡಿತ ತಪ್ಪುತ್ತದೆ, ತುಂಗೆಯಲ್ಲಿ ಎಷ್ಟು ಚೆನ್ನಾಗಿ ಈಜುತ್ತಿದ್ದಿರಿ ಅನ್ನುವುದು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಲೈಫ್ ಜಾಕೆಟ್ ಹಾಕಿಕೊಂಡೇ ಇರಿ, ಸೀಟಿನ ಕೆಳಗೆ ಇಟ್ಟರೆ ಸಾಲದು. ಈ ರಾಜ್ಯದಲ್ಲಿ 19 ಅಡಿಗಿಂತ ಸಣ್ಣ ದೋಣಿಯಲ್ಲಿ 12 ವರ್ಷದವರೆಗಿನ ಮಕ್ಕಳಿಗೆ ಅದು ಕಡ್ಡಾಯ.

ಲೈಸೆನ್ಸ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. 15 ವರ್ಷ ತುಂಬಿದವರಿಗೆಲ್ಲ ಬೇಕು. ವರ್ಷದ ಲೈಸೆನ್ಸ್ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ, ನಮ್ಮ ಊರಿನ ಹಣಕಾಸು ವರ್ಷದ ಹಾಗೆಯೇ. ಫೆಬ್ರವರಿಯಲ್ಲಿ ಕೊಂಡರೆ ಎರಡೇ ತಿಂಗಳಿಗೆ ಮುಗಿಯುತ್ತದೆ. ಎಷ್ಟು ಮೀನು ಇಟ್ಟುಕೊಳ್ಳಬಹುದು ಅನ್ನುವುದು ಕೆರೆಯಿಂದ ಕೆರೆಗೆ ಬೇರೆ, ಹೋಗುವ ಹಿಂದಿನ ದಿನ ಇಲಾಖೆಯ ನಿಯಮ ಓದಿ. ನಡುವೆ ಬದಲಾಗುವುದೂ ಉಂಟು.

ಸಮಯ ಸರಿಯಿದ್ದರೂ ಕೈತಪ್ಪುವುದು ಇಲ್ಲಿ

ಕೊಕನಿಗೆ ದೋಣಿಯ ವೇಗ ಗಂಟೆಗೆ 1ರಿಂದ 1.5 ಮೈಲಿ, ಅಂದರೆ ಅಜ್ಜಿ ದೇವಸ್ಥಾನಕ್ಕೆ ನಡೆಯುವಷ್ಟು ನಿಧಾನ. ನೀರು ತಣ್ಣಗಿರುವ ವಸಂತದಲ್ಲಿ 1ರ ಹತ್ತಿರ, ಬೇಸಿಗೆಯಲ್ಲಿ ಸ್ವಲ್ಪ ಜಾಸ್ತಿ. ಆಗಾಗ ತಿರುಗಿಸುತ್ತಾ ಹೋಗಿ, ತಿರುವಿನಲ್ಲಿ ಗಾಳದ ಓಟ ಬದಲಾದಾಗ ಎಷ್ಟೋ ಸಲ ಕಚ್ಚುತ್ತದೆ. ಮಿನುಗುವ ತಗಡು, ಅಂದರೆ ಡಾಜರ್, ಅದರ ಹಿಂದೆ ಒಂದು ಗೇಣು ದೂರದಲ್ಲಿ ಗುಲಾಬಿ ಅಥವಾ ಕಿತ್ತಳೆ ಬಣ್ಣದ ಸಣ್ಣ ಗಾಳ, ಗಾಳದ ತುದಿಗೆ ಎರಡು ಕಾಳು ಬಿಳಿ ಜೋಳ. ಮುಸುಕಿನ ಜೋಳದ ಡಬ್ಬಿಯಲ್ಲಿ ಶೂಪೆಗ್ ಅಂತ ಬರೆದಿರುತ್ತದೆ, ಅದನ್ನೇ ಕೊಳ್ಳಿ. ನಾನು ಅದಕ್ಕೆ ಹಿಂದಿನ ರಾತ್ರಿ ಜಜ್ಜಿದ ಬೆಳ್ಳುಳ್ಳಿ, ಚಿಟಿಕೆ ಉಪ್ಪು ಹಾಕಿಡುತ್ತೇನೆ. ಕೊಕನಿಗೆ ವಾಸನೆ ಬೇಕು.

ಅದರ ಬಾಯಿ ಬಹಳ ಮೃದು. ಕಚ್ಚಿದ ಕೂಡಲೇ ರಾಡ್ ಜಗ್ಗಬೇಡಿ, ತುಟಿ ಹರಿದು ಹೋಗುತ್ತದೆ. ಬಾಗುವ ರಾಡ್, ಸಡಿಲ ಡ್ರ್ಯಾಗ್ (ದಾರ ಸುತ್ತುವ ರೀಲಿನ ಬಿಗಿ), ನಿಧಾನವಾಗಿ ಸುತ್ತಿ. ದೋಣಿಯ ಹತ್ತಿರ ಬಂದಾಗ ಅದು ನೀರಿನ ಮೇಲೆ ಗಿರಗಿರ ಸುತ್ತುತ್ತದೆ, ಆಗಲೇ ಅರ್ಧ ಮೀನು ತಪ್ಪಿಸಿಕೊಳ್ಳುವುದು. ಬಲೆ ನೀರಲ್ಲಿ ಮೊದಲೇ ಮುಳುಗಿಸಿಟ್ಟಿರಿ.

ಹಿಡಿದ ಕೂಡಲೇ ಕಿವಿರು ಕತ್ತರಿಸಿ ರಕ್ತ ಬಸಿದು ಐಸಿನಲ್ಲಿ ಹೂತುಬಿಡಿ. ಈ ಮಾಂಸದಲ್ಲಿ ಎಣ್ಣೆ ಜಾಸ್ತಿ, ಬಿಸಿಲಲ್ಲಿ ಒಂದು ಗಂಟೆ ಇಟ್ಟರೂ ಮೆತ್ತಗಾಗುತ್ತದೆ. ಜೂನ್ ಮೀನಿನ ಮಾಂಸ ಕಿತ್ತಳೆ ಬಣ್ಣ. ಅರಿಶಿನ, ಖಾರದ ಪುಡಿ, ಹುಣಸೆ ರಸ ಹಚ್ಚಿ ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಹಾಕಿ. ಎಣ್ಣೆ ಕಡಿಮೆ ಹಾಕಿ, ಅದೇ ಬಿಟ್ಟುಕೊಳ್ಳುತ್ತದೆ.

ಯಾವಾಗ ನಿಲ್ಲಿಸಬೇಕು

ಹೋಗುವ ಸಮಯದಷ್ಟೇ ನಿಲ್ಲಿಸುವ ಸಮಯವೂ ಗೊತ್ತಿರಬೇಕು. ಆಗಸ್ಟ್ ಕೊನೆಯಿಂದ ಮೊಟ್ಟೆ ಇಡುವ ವಯಸ್ಸಿನ ಕೊಕನಿ ಬದಲಾಗತೊಡಗುತ್ತದೆ. ಮೊದಲು ಬೆಳ್ಳಿಯ ಹೊಳಪು ಮಾಸುತ್ತದೆ, ಬೆನ್ನು ಕಂದಾಗುತ್ತದೆ, ಆಮೇಲೆ ಮೈಯೆಲ್ಲ ಕೆಂಪು, ತಲೆ ಹಸಿರು. ಗಂಡಿನ ಬೆನ್ನು ಗೂನಾಗಿ ಮೂತಿ ಕೊಕ್ಕೆಯ ಹಾಗೆ ಬಾಗುತ್ತದೆ. ಆ ಕೆಂಪು ಎಲ್ಲಿಂದ ಬಂತು ಅಂದುಕೊಂಡಿರಿ? ಮಾಂಸದಲ್ಲಿದ್ದ ಬಣ್ಣವೇ ಚರ್ಮಕ್ಕೂ ಮೊಟ್ಟೆಗೂ ಹೋಗುತ್ತದೆ. ಹೊರಗೆ ಎಷ್ಟು ಕೆಂಪೋ ಒಳಗೆ ಅಷ್ಟು ಬಿಳಚು, ಮೆತ್ತಗೆ, ರುಚಿಯಿಲ್ಲ. ಕಾಯ್ದೆ ಬಿಟ್ಟರೂ ಅಂಥ ಮೀನನ್ನು ಇಟ್ಟುಕೊಳ್ಳಬೇಡಿ. ಅದು ಮೂರು ವರ್ಷ ಕಾದಿದ್ದು ಈ ಒಂದು ಪ್ರಯಾಣಕ್ಕೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಗಾರಿನ ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಏರಿ ಬರುವ ಹತ್ತುಮೀನನ್ನು ನಾವೆಲ್ಲ ಟಾರ್ಚ್ ಹಿಡಿದು ನೋಡಿದವರೇ. ಹೊಟ್ಟೆ ತುಂಬ ಮೊಟ್ಟೆ ಇದ್ದ ಅವನ್ನೇ ಬುಟ್ಟಿಗಟ್ಟಲೆ ಹಿಡಿದು ಹಿಡಿದು ಈಗ ಎಷ್ಟೋ ಹಳ್ಳಗಳಲ್ಲಿ ಅದು ಕಾಣುವುದೇ ಅಪರೂಪ.

ಲೇಕ್ ಸಮಾಮಿಶ್ ವಿಷಯ ಇಲ್ಲಿ ಹೇಳಲೇಬೇಕು, ಯಾಕೆಂದರೆ ನಮ್ಮವರಲ್ಲಿ ಬಹಳ ಜನರ ಮನೆ ಅದರ ಸುತ್ತಲೇ ಇದೆ. ಅಲ್ಲಿನ ಕೊಕನಿ ಯಾರೋ ತಂದು ಬಿಟ್ಟಿದ್ದಲ್ಲ, ಅಲ್ಲಿಯದೇ. ಬೇಸಿಗೆಯಲ್ಲಿ ಆ ಕೆರೆಯ ಮೇಲಿನ ನೀರು ಅದಕ್ಕೆ ಸಹಿಸದಷ್ಟು ಬಿಸಿ, ತಳದ ನೀರಿನಲ್ಲಿ ಆಮ್ಲಜನಕ ಸಾಲದು. ಎರಡರ ನಡುವಿನ ಒಂದು ತೆಳು ಪದರದಲ್ಲಿ ಮೀನು ಸಿಕ್ಕಿಕೊಳ್ಳುತ್ತದೆ. 2017ರ ಕೊನೆಯಿಂದ 2018ರ ಮೊದಲವರೆಗಿನ ಚಳಿಗಾಲದಲ್ಲಿ ಮೊಟ್ಟೆ ಇಡಲು ತೊರೆಗಳಿಗೆ ಬಂದ ಮೀನು 20ಕ್ಕಿಂತ ಕಡಿಮೆ. ಅಲ್ಲಿ ಕೊಕನಿ ಇಟ್ಟುಕೊಳ್ಳುವಂತಿಲ್ಲ. ಬೇರೆ ಮೀನಿಗೆ ಹಾಕಿದ ಗಾಳಕ್ಕೆ ಬಂದರೆ ನೀರಿನಿಂದ ಹೊರಗೆ ಎತ್ತದೆಯೇ ಗಾಳ ಬಿಡಿಸಿ ಕಳಿಸಿ.

ಆ ಕೆರೆಯ ಕೊಕನಿಯನ್ನು ನೋಡುವ ಆಸೆಯಿದ್ದರೆ ನವೆಂಬರ್, ಡಿಸೆಂಬರ್‌ನಲ್ಲಿ ಜೋರು ಮಳೆ ಬಿದ್ದ ಎರಡು ದಿನದ ಮೇಲೆ ಎಬ್ರೈಟ್ ಕ್ರೀಕ್ ಅಥವಾ ಲೂಯಿಸ್ ಕ್ರೀಕ್ ಕಡೆ ಹೋಗಿ, ಸಾರ್ವಜನಿಕರಿಗೆ ಬಿಟ್ಟ ಜಾಗದಿಂದಲೇ ನೋಡಿ. ಮೊಣಕಾಲುದ್ದದ ನೀರಿನಲ್ಲಿ ಕೆಂಪು ಬೆನ್ನು ಕಾಣುತ್ತದೆ. ಮಕ್ಕಳ ಕೈ ಹಿಡಿದುಕೊಳ್ಳಿ, ನಾಯಿಯನ್ನು ನೀರಿಗೆ ಬಿಡಬೇಡಿ. ತೊರೆಯ ಜಲ್ಲಿ ಮೇಲೆ ಕಾಲಿಡಬೇಡಿ, ಮೊಟ್ಟೆಗಳು ಅದರ ಅಡಿಯಲ್ಲೇ ಇರುತ್ತವೆ.